ಅಂಚೆಯ ಪಾದ್ರಿ

ಹೊಳೆಆಲೂರಿಗೆ ರೈಲಿನಲ್ಲಿ ಬಂದಿಳಿಯುವ ಅಂಚೆಪಾಠಗಳನ್ನು ಓದಿ ಪಾದ್ರಿ ಪದವಿ ಪಡೆಯಲು ಹೊರಟ ಮೇಲೆ, ಗಜೇಂದ್ರಗಡದ ನೇಕಾರ ಸಮುವೇಲಪ್ಪನ ಬಾಯಿಂದ ಬಿಡಿಮಾತು ಹೊರಡುವುದೇ ನಿಂತಿತು. ಸೀರೆಯ ದರ ಕೇಳಿದವರಿಗೂ ಪೀಠಿಕೆ, ಮೂರು ಅಂಶ, ಸಮಾಪ್ತಿ. ಮಗ್ಗ ತುಳಿಯುತ್ತಲೇ ಬೋಧನೆ ಮಾಡುವವನಿಗೆ ಹೆಂಡತಿ ಮಾರ್ಥವ್ವ ಒಳಗಿನಿಂದ, “ರೊಟ್ಟಿ ಆರ್ತಾವು, ಲಗೂ ಆಮೆನ್ ಅನ್ರಿ!” ಎಂದು ಕೂಗುವಳು. “ಇನ್ನೂ ಎರಡನೇ ಅಂಶದಾಗ ಅದೀನಿ, ತಡಿ” ಎಂದು ಅವನು ಖುಷಿಯಿಂದ ಮುಂದುವರಿಸುವನು. ಆದರೆ ನೆರೆಮನೆಯ ಯಾಕೋಬಪ್ಪನ ತಾಯಿ ತೀರಿಕೊಂಡ ದಿನ, ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಈ ಮಹಾ ಮಾತುಗಾರ ರೊಟ್ಟಿಬುತ್ತಿ ಹೊತ್ತು ಹೋಗಿ, ಎಲ್ಲರಿಗೂ ಬಡಿಸಿ, ಬೋಧನೆಯ ಒಂದು ಸೊಲ್ಲೂ ಎತ್ತದೆ ಸಂಜೆಯವರೆಗೆ ಯಾಕೋಬಪ್ಪನ ಮಗ್ಗುಲಲ್ಲಿ ಕುಳಿತ. ಮುಂದೆ ಬಂದ ಪಾಠದಲ್ಲಿ, ದುಃಖದ ಮನೆಗೆ ಹೋದ ಬೋಧಕನ ಮೊದಲ ಮಾತು ಯಾವುದಿರಬೇಕೆಂದು ಪ್ರಶ್ನೆಯಿತ್ತು. ಸಮುವೇಲಪ್ಪ ಪೀಠಿಕೆಯಿಲ್ಲದೆ ಬರೆದ: “ಉಣ್ರಿ.”