ಭಂಡಾರ ಹಿಡಿದು ಹೇಳಿದ ಮಾತು

ವಿದ್ಯಾವತಿ ಮೇಡಂಗೆ ಪಾಠವೆಂದರೆ ಹುಚ್ಚು. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರದು ದೊಡ್ಡ ಕಿರಾಣಿ ಅಂಗಡಿ. ಗಲ್ಲೆಯ ಮೇಲೆ ಕೂತು ಸುಖವಾಗಿರುವುದು ಬಿಟ್ಟು, ಹನ್ನೊಂದು ವರ್ಷ ಬಸ್ಸಿನಲ್ಲಿ ಜೋತಾಡುತ್ತ ತಿಕೋಟಾದ ನಮ್ಮ ಕಾಲೇಜಿಗೆ ಬಂದು, ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಕಲಿಸಿದರು. ಪಕ್ಕದ ಕೋಣೆಯಲ್ಲಿ ಇತಿಹಾಸದ ನೋಟ್ಸ್ ಬರೆಸಿ ಕೈ ತೊಳೆದುಕೊಳ್ಳುವ ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚಿತ್ತು. ಸುಳ್ಳೇಕೆ ಹೇಳಲಿ?

ಅವರ ಪದ್ಧತಿಯೇ ಬೇರೆ. ಒಬ್ಬರು ಕಾದಂಬರಿಯ ಪಾತ್ರವಾಗಿ ಮುಂದೆ ಕೂರಬೇಕು. ಉಳಿದವರು ಕೇಳಿದ್ದಕ್ಕೆಲ್ಲ ಆ ಪಾತ್ರವಾಗಿಯೇ ಉತ್ತರಿಸಬೇಕು. ಆ ವರ್ಷದ ಕಾದಂಬರಿಯಲ್ಲಿ ಒಬ್ಬ ಸೊಸೆ, ದಾಯಾದಿಯನ್ನು ಕೊಂದ ಗಂಡನನ್ನು ಉಳಿಸಲು, ಅವನು ಮನೆಯಲ್ಲೇ ಇದ್ದನೆಂದು ಪಂಚರ ಮುಂದೆ ಸುಳ್ಳು ಹೇಳುತ್ತಾಳೆ. ಕೆಟ್ಟ ಹೆಂಗಸು ಎಂದು ವಿದ್ಯಾರ್ಥಿಗಳು ಒಂದೇ ಮಾತಿನಲ್ಲಿ ಬರೆದು ಮುಗಿಸಿದ್ದರು.

“ಯಾಕ ಸುಳ್ಳ ಹೇಳಿದ್ಲು, ಆಕೀನ್ನ ಕೇಳ್ರಿ” ಎಂದು ಮೇಡಂ ಅಮೋಘಿಯನ್ನು ಕೂರಿಸಿದರು.

ಅಮೋಘಿ ಬಬಲೇಶ್ವರದ ಕಡೆಯ ಕುರಿಗಾರರ ಮಗಳು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಪ್ರಶ್ನೆಯ ಮೇಲೆ ಪ್ರಶ್ನೆ ಬಿತ್ತು. ಯಾರೋ “ಹಂಗಾದ್ರ ಆಣಿ ಮಾಡು” ಎಂದರು. ಹುಡುಗಿ ಆವೇಶದಲ್ಲಿ ಚೀಲದಿಂದ ಪುಟ್ಟ ಗಂಟು ತೆಗೆದು, ದೇವರ ಅರಿಶಿನ ಪುಡಿಯಾದ ಭಂಡಾರವನ್ನು ಅಂಗೈಗೆ ಸುರಿದುಕೊಂಡು, “ನನ್ನ ಗಂಡ ಮನ್ಯಾಗ ಇದ್ದ” ಎಂದುಬಿಟ್ಟಳು. ಮೇಡಂ ಹೊಡೆದ ಚಪ್ಪಾಳೆ ನನ್ನ ಕೋಣೆಗೂ ಕೇಳಿಸಿತು.

ಭಂಡಾರ ಹಿಡಿದು ಆಡಿದ ಮಾತು ಸುಳ್ಳಾದರೆ ಮನೆ ಹಾಳಾಗುತ್ತದೆಂದು ಅಮೋಘಿಯ ಮನೆಯವರ ನಂಬಿಕೆ. ಆ ವಾರವೇ ಅವರ ಎರಡು ಕುರಿ ಸತ್ತವು. ಹುಡುಗಿ ಹೆದರಿ, ತಾನು ಆಣೆ ಮಾಡಿದ್ದನ್ನು ಮನೆಯಲ್ಲಿ ಹೇಳಿಬಿಟ್ಟಳು. ಶನಿವಾರ ಅಮೋಘಿಯ ತಂದೆ ಭೀಮಾಶಂಕರ ಪ್ರಿನ್ಸಿಪಾಲರ ಕೋಣೆಗೇ ಬಂದ.

“ಟೀಸಿ ಕೊಡ್ರಿ. ಇನ್ನ ಕಾಲೇಜು ಸಾಕು. ಮೇಡಂ, ಹುಡುಗಿ ಭಂಡಾರ ತಗದಾಗ ನೀವು ನೋಡ್ಕೋತ ಕುಂತಿದ್ರೇನ್ರಿ?”

“ನಾ ನೋಡಿಲ್ರಿ. ಬೋರ್ಡಿನ ಕಡೆ ಮುಖ ಮಾಡಿದ್ದೆ” ಎಂದರು ಮೇಡಂ.

ಅವರದು ವರ್ಷವರ್ಷವೂ ಹೊಸದಾಗಿ ಸಿಗಬೇಕಾದ ಕೆಲಸ. ಹೆದರಿದರು. ಆ ಚಪ್ಪಾಳೆ ಕೇಳಿದ್ದ ನಾನೂ ಅಲ್ಲೇ ಇದ್ದು ತುಟಿ ಪಿಟಕ್ಕೆನ್ನಲಿಲ್ಲ. ಸೋಮವಾರ ಬಂದು ಟೀಸಿ ಒಯ್ಯಿರಿ ಎಂದು ಪ್ರಿನ್ಸಿಪಾಲರು ಕೈ ಝಾಡಿಸಿದರು.

ಭಾನುವಾರ ಬೆಳಿಗ್ಗೆ ಮೇಡಂ ಫೋನು. “ಸರ್, ಹುಡುಗಿ ಬಾಳೇವು ಹಾಳಾಕ್ಕೈತಿ. ಅವರ ಮನಿಗೆ ಹೋಗೂಣು, ಬರ್ರಿ.”

ಆ ಮನೆಯಲ್ಲಿ ಭೀಮಾಶಂಕರನ ತಾಯಿ ಬೋರವ್ವನ ಮಾತೇ ಕೊನೆ. ಮೇಡಂ ಆಕೆಗೆ ಕಾದಂಬರಿಯ ಕತೆ ಪೂರ್ತಿ ಹೇಳಿದರು. ಮುದುಕಿ ಕಣ್ಣು ಮಿಟುಕಿಸದೆ ಕೇಳಿದಳು.

“ಅಂದ್ರ, ಆ ಸುಳ್ಳ ಪುಸ್ತಕದಾಕೀದು. ನಮ್ಮ ಹುಡುಗೀದಲ್ಲ?”

“ಹೌದ್ರಿ ಯವ್ವಾ.”

“ಇದನ್ನ ಹಿಡದು ಹೇಳ್ರಿ.” ಮೇಡಂ ಅಂಗೈಗೆ ಭಂಡಾರ ಬಿತ್ತು. ಅವರು ಹೇಳಿದರು. ಬೋರವ್ವ ಬಿಡಲಿಲ್ಲ. “ಆಕಿ ಭಂಡಾರ ತಗದಾಗ ನೀವ್ಯಾಕ ಬ್ಯಾಡ ಅನ್ಲಿಲ್ಲ?”

“ಮೇಡಂ ನೋಡೇ ಇಲ್ಲಂತ ಬೇ” ಎಂದು ಭೀಮಾಶಂಕರನೇ ಉತ್ತರ ಕೊಟ್ಟ.

ಮೇಡಂ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲಿ ದೇವರೇ ಎಂದು ನಾನು ಬೇಡಿಕೊಂಡೆ. ಬಾಗಿಲಲ್ಲಿ ನಿಂತ ಅಮೋಘಿ ತಲೆ ತಗ್ಗಿಸಿದಳು. ಮೇಡಂ ಅಂಗೈಯ ಭಂಡಾರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

“ನೋಡಿದ್ದೆ” ಎಂದರು. “ಪಾಠ ಭಾಳ ಚಲೋ ನಡದಿತ್ತು, ಅದಕ್ಕ ಬ್ಯಾಡ ಅನ್ಲಿಲ್ಲ. ಕೆಲಸ ಹೋದೀತಂತ ಅಂಜಿ ನಿಮ್ಮ ಮಗಗ ಸುಳ್ಳ ಹೇಳೀನ್ರಿ.”

ಭೀಮಾಶಂಕರ ಧಡಕ್ಕನೆ ಎದ್ದ. ಬೋರವ್ವ ಕೈಯೆತ್ತಿ ಅವನನ್ನು ತಡೆದಳು.

“ಕುಂಡ್ರೋ. ತನಗ ಲುಕ್ಸಾನ ಆಗೂ ಮಾತು ಭಂಡಾರ ಹಿಡದು ಹೇಳ್ಯಾಳ. ಇಕಿ ಮಾತು ನಂಬತೀನಿ. ನಾಳಿ ಹುಡುಗಿ ಕಾಲೇಜಿಗೆ ಹೋಗಲಿ.”

ಭೀಮಾಶಂಕರ ಮೇಡಂ ಅವರನ್ನೇ ದಿಟ್ಟಿಸಿದ. “ಇದನ್ನ ನಿಮ್ಮ ಪ್ರಿನ್ಸಿಪಾಲರ ಮುಂದೂ ಹೇಳ್ತೀರೇನ್ರಿ?”

“ಹೇಳ್ತೇನ್ರಿ.”

ಸೋಮವಾರ ಅಮೋಘಿ ಬಂದಳು. ಮೇಡಂ ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋದರು.

ಮರುವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಎರಡನೆಯ ವರ್ಷಕ್ಕೆ ಕಾಲಿಟ್ಟ ಅಮೋಘಿ ಮೊದಲ ದಿನವೇ ನನ್ನನ್ನು ಹುಡುಕಿಕೊಂಡು ಬಂದಳು.

“ಸರ್, ಮೇಡಂ ಕೆಲಸ ನನ್ನ ಸಲುವಾಗಿ ಹೋತೇನ್ರಿ?”

ಛೆ, ಹಾಗೇನಿಲ್ಲ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

“ಹೌದವ್ವ” ಎಂದೆ.