ಗೋದಾ ಮಾವಶಿಯ ಎಡಗೈ

ಗೋದಾ ಮಾವಶಿಯ ಬಲಗೈ ಹೆಬ್ಬೆರಳು ಹೊರಗಡೆಗೆ ತಿರುಗಿ ಹಾಗೆಯೇ ಸೆಟೆದುಕೊಂಡಿತ್ತು. ಅದು ಉಳಿದ ಬೆರಳುಗಳನ್ನು ಮುಟ್ಟುತ್ತಿರಲಿಲ್ಲ. ಪೆನ್ನು ಹಿಡಿಯಲು, ಬಾಗಿಲಿನ ಚಿಲಕ ತೆಗೆಯಲು, ಕೊನೆಗೆ ಅನ್ನ ಕಲಸಲೂ ಅವರು ಎಡಗೈಯನ್ನೇ ಚಾಚುತ್ತಿದ್ದರು. ಹೊಡೆಯಲು ಮಾತ್ರ ಬಲಗೈ. ಆ ಸೆಟೆದ ಬೆರಳು ದವಡೆಗೆ ತಾಗಿದರೆ ಹೇಗಿರುತ್ತದೆಂದು ನಾನು ಬಲ್ಲೆ. ಮಹಾಪೆಯ ಕಂಪನಿಯಲ್ಲಿ ಒಂದು ತಂಡಕ್ಕೆ ಮುಖ್ಯಸ್ಥೆಯಾಗಿರುವ, ಮೂವತ್ತು ದಾಟಿದ ಹೆಂಗಸು ನಾನು, ಅವರಿಂದ ಹೊಡೆಸಿಕೊಳ್ಳಲೆಂದೇ ಭಾನುವಾರದ ನಿದ್ದೆ ಬಿಟ್ಟು ಮೂರನೇ ಮಹಡಿಗೆ ಹತ್ತುತ್ತಿದ್ದೆ.

ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಎಲ್ಲರೂ ಅವರನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು; ಕಂಡರೆ ಎಲ್ಲರಿಗೂ ಹೆದರಿಕೆ. ಠಾಣೆಯ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಮ್ಮೆ ಸೊಸೈಟಿಯ ಸೆಕ್ರೆಟರಿ ಮೇಲೆ ಬಂದು, ಬೆಳಗಿನ ಹಾಡನ್ನು ಸ್ವಲ್ಪ ಮೆಲ್ಲಗೆ ಮಾಡಿ ಎಂದದ್ದಕ್ಕೆ, ಕೈಯಲ್ಲಿದ್ದ ಬಿಸಿ ಇಕ್ಕಳವನ್ನು ಅವರತ್ತ ಎಸೆದಿದ್ದರು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಬಾಗಿಲಿಗೆ ಅಡ್ಡ ನಿಂತವಳೊಬ್ಬಳ ಜಡೆ ಹಿಡಿದು ಪ್ಲಾಟ್‌ಫಾರ್ಮಿಗೆ ಎಳೆದದ್ದನ್ನು ನಾನೇ ಕಂಡಿದ್ದೇನೆ.

ಅವರು ಹಾಡುತ್ತಿದ್ದುದು ಸಾಮ. ನಮ್ಮ ಸಂಗೀತಕ್ಕೆ ಸ ರಿ ಗ ಎಂಬ ಹೆಸರುಗಳು ಬರುವ ಮೊದಲೇ ಯಜ್ಞಶಾಲೆಗಳಲ್ಲಿ ಹಾಡುತ್ತಿದ್ದ ಮಂತ್ರಗಾನ. ಅದರ ಸ್ವರಗಳಿಗೆ ಒಂದನೆಯದು, ಎರಡನೆಯದು ಎಂದೇ ಹೆಸರು. ಎಣಿಕೆ ಮೇಲಿನಿಂದ ಕೆಳಗೆ. ನಮ್ಮ ಅಡುಗೆಮನೆಯಿಂದ ಕೇಳಿದರೆ ಯಾರೋ ಭಾರವಾದ ಹೆಜ್ಜೆಯಿಟ್ಟು ಮೆಟ್ಟಿಲಿಳಿಯುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಹೋಗಿ ಕೇಳಿದೆ:

"ಮಾವಶಿ, ಅದನ್ನು ನನಗೆ ಕಲಿಸ್ತೀರಾ?"

"ನೀ ಉಡುಪಿಯವರ ಹುಡುಗಿ ಅಲ್ಲೇನು? ಮನಿಯೊಳಗ ತುಳು, ಹೊರಗ ಹಿಂದಿ. ನಿನ್ನ ನಾಲಿಗಿ ತಿರಗ್ತದೇನು?"

"ತಿರುಗದಿದ್ರೆ ಬಿಟ್ಟುಬಿಡಿ ಮಾರಾಯ್ರೆ."

"ಬಿಡೂದಿಲ್ಲ. ಬಡೀತೀನಿ," ಎಂದರು. ಕೊಟ್ಟ ಮಾತು ಉಳಿಸಿಕೊಂಡರು.

ಸಾಮ ಹಾಡುವವರಿಗೆ ತಮ್ಮ ಕೈಯೇ ವಾದ್ಯ. ಹೆಬ್ಬೆರಳ ತುದಿ ತೋರುಬೆರಳಿಗೆ ತಾಗಿದರೆ ಎರಡನೆಯ ಸ್ವರ, ನಡುಬೆರಳಿಗೆ ಮೂರನೆಯದು, ಉಂಗುರದ ಬೆರಳಿಗೆ ನಾಲ್ಕನೆಯದು. ಕೈ ತಪ್ಪಿದರೆ ಗಂಟಲೂ ತಪ್ಪುತ್ತದೆ. ಇದಕ್ಕೆ ಬಲಗೈಯೇ ಆಗಬೇಕು. ಮಾವಶಿ ಎಡಗೈಯಲ್ಲಿ ಎಣಿಸುತ್ತಿದ್ದರು. ನಾನು ತಪ್ಪಿದಾಗಲೆಲ್ಲ "ಕಿವಿ ಎಲ್ಲೆ ಒತ್ತಿ ಇಟ್ಟು ಬಂದೀ?" ಎಂದು ಒಂದು ಬಿಡುತ್ತಿದ್ದರು. ಸರಿಯಾದಾಗ ಮುಂದಿನ ಸಾಲಿಗೆ ಹೋಗುತ್ತಿದ್ದರು, ಅಷ್ಟೇ.

ಆ ಬೆರಳಿಗೆ ಏನಾಯಿತೆಂದು ಕೇಳಿದಾಗ ಅವರು ಶೇಂಗಾ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸದೆಯೇ ಹೇಳಿದರು. ಕೃಷ್ಣೆಯ ದಂಡೆಯ ಊರು. ತಂದೆ ಹೆಸರಾಂತ ಸಾಮಗರು. ಪಡಸಾಲೆಯಲ್ಲಿ ಅಣ್ಣ ವಾಸುದೇವನಿಗೆ ಪಾಠ. ತಪ್ಪಿದರೆ ಬೆನ್ನಿಗೆ ಬಾರುಕೋಲು. ಬಾಗಿಲ ಹಿಂದೆ ಕೂತು ಕಾಳು ಹಸನು ಮಾಡುತ್ತಿದ್ದ ಗೋದಾ ಕೇಳಿದ್ದನ್ನೆಲ್ಲ ಬೆರಳ ಮೇಲೆ ಎಣಿಸಿ ಕಲಿತುಬಿಟ್ಟಿದ್ದಳು. ಒಂದು ಸಾಮದ ಕೊನೆಯಲ್ಲಿ ಎರಡನೆಯ ಸ್ವರದಿಂದ ನೇರ ನಾಲ್ಕನೆಯದಕ್ಕೆ ಇಳಿಯಬೇಕು. ನಡುಬೆರಳಿಗೆ ತಾಗಬಾರದು. ಅಣ್ಣ ನಡುಬೆರಳಿಗೆ ತಾಗಿಸಿ ಅಲ್ಲೇ ನಿಂತ. ತಂದೆ ಕೋಲೆತ್ತುವ ಮೊದಲೇ ಗೋದಾ ಒಳಗಿನಿಂದ, "ಅಣ್ಣಾ, ಜಿಗಿಬೇಕು!" ಎಂದು ಹಾಡಿಯೇ ತೋರಿಸಿದಳು.

"ಅಪ್ಪ ಕೋಲು ಕೆಳಗಿಟ್ಟರು. 'ನನ್ನ ಮಗ ಹಾಡಿದ್ದೇ ಸರಿ. ಇನ್ನ ಮ್ಯಾಲೆ ಈ ಮನಿಯೊಳಗ ಅದೇ ಪಾಠ' ಅಂದ್ರು. ಆಮ್ಯಾಲೆ ವಾಸಣ್ಣಗ ಹೇಳಿದ್ರು, 'ಅಕಿ ಎಣಿಸೂದು ನಿಲ್ಲಸು.' ಅವ ಎಲಿ-ಅಡಿಕಿ ಕುಟ್ಟೂ ಕುಟ್ಟಾಣಿ ತಂದ. ನನ್ನ ಕೈ ಹೊಸ್ತಿಲ ಮ್ಯಾಲಿಟ್ಟ. ಅದರ ಕಬ್ಬಿಣದ ಹಾರಿಲೆ ಹೊಡದ. ಅಪ್ಪ ನೋಡಕೋತ ನಿಂತಿದ್ರು."

"ಅಮ್ಮ ಎಂತ ಮಾಡಿದ್ರು?"

"ಅರಿಶಿಣ ಹಚ್ಚಿದಳು." ಸುಲಿದ ಶೇಂಗಾದ ಬುಟ್ಟಿಯನ್ನು ನನ್ನತ್ತ ತಳ್ಳಿದರು.

ಠಾಣೆಯ ನೌಪಾಡಾದ ಒಂದು ಸಭಾಗೃಹದಲ್ಲಿ ಕನ್ನಡ ಸಂಘದವರು ಪ್ರಾಚೀನ ಸಂಗೀತದ ಮೇಲೆ ಮಾವಶಿಯ ಉಪನ್ಯಾಸ ಇಟ್ಟುಕೊಂಡರು. ಅವರು ಅಂದು ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಸಾಮದ ಒಂದನೆಯ ಸ್ವರವೇ ಹಳಬರ ಕೊಳಲಿನ ಮಧ್ಯಮವೆಂದೂ, ಸಂಗೀತದ ಏಳು ಸ್ವರಗಳಿಗೆ ಈ ಇಳಿಜಾರಿನೊಡನೆ ನಂಟು ಹೇಗೆ ಬೆಸೆದರೆಂದೂ ಸರಳವಾಗಿ ವಿವರಿಸಿದರು. ಕೊನೆಗೆ, ಅಣ್ಣ ತಪ್ಪಿದ್ದ ಆ ಸಾಮವನ್ನೇ ಹಾಡಿದರು. ತೋರುಬೆರಳಿನಿಂದ ಉಂಗುರದ ಬೆರಳಿಗೆ ಸ್ವರ ಧುಮುಕಿದಾಗ ನನ್ನ ಮೈ ಜುಮ್ಮೆಂದಿತು.

ಮುಂದಿನ ಸಾಲಿನಿಂದ ಒಬ್ಬ ಯುವಕ ಎದ್ದು ವೇದಿಕೆ ಹತ್ತಿದ. ಕಲ್ಯಾಣದಲ್ಲಿ ಪೌರೋಹಿತ್ಯ ಮಾಡುವ ಪ್ರಹ್ಲಾದ. ಮೈಕು ಕಿತ್ತುಕೊಂಡು ಕೂಗಿದ: "ಹೆಂಗಸು ಸಾಮ ಹಾಡೂದು ಒಂದು ಪಾಪ, ತಪ್ಪು ಹಾಡೂದು ಇನ್ನೊಂದು ಪಾಪ! ನಡುಬೆರಳ ಸ್ವರಾನೇ ನುಂಗಿದಳು! ನಮ್ಮ ಗುರುಗಳ ಪಾಠದೊಳಗ ಹಿಂಗಿಲ್ಲ!"

"ಯಾರಪ್ಪಾ ನಿನ್ನ ಗುರುಗಳು?"

"ವಾಸುದೇವಾಚಾರ್ಯರು," ಎಂದು ಊರಿನ ಹೆಸರನ್ನೂ ಹೇಳಿದ.

ಮಾವಶಿ ನಕ್ಕರು. ಅಷ್ಟು ದೊಡ್ಡದಾಗಿ ಅವರು ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಆ ನಗು ಅವನಿಗೆ ತಡೆಯಲಾಗಲಿಲ್ಲ. ಎರಡೂ ಕೈಯಿಂದ ಎದೆಗೆ ನೂಕಿದ. ಮಾವಶಿ ತೂರಾಡಿ ಪಕ್ಕಕ್ಕೆ ಬಿದ್ದರು; ಮೇಜಿನ ಅಂಚಿಗೆ ಬಡಿದು ಹುಬ್ಬು ಸೀಳಿತು. ನಾನು ಓಡಿ ಹೋಗುವಷ್ಟರಲ್ಲಿ ಅವರೇ ಎದ್ದಿದ್ದರು. ಕೈಯಲ್ಲಿ ನೀರಿನ ಸ್ಟೀಲ್ ತಂಬಿಗೆ. ಅದನ್ನು ಅವನ ಹಣೆಗೆ ಬೀಸಿದರು. ಅವನು ಮೊಣಕಾಲೂರಿದ. ಇನ್ನೊಮ್ಮೆ ಬೀಸಿದರು. ಮೂರನೆಯದಕ್ಕೆ ಎತ್ತಿದ ಕೈಗೆ ನಾನು ಜೋತುಬಿದ್ದೆ. ಜನ ಕುರ್ಚಿಗಳನ್ನು ಬೀಳಿಸಿಕೊಂಡು ಓಡುತ್ತಿದ್ದರು. ನನ್ನ ದುಪಟ್ಟಾ ಇಬ್ಬರ ರಕ್ತದಲ್ಲೂ ತೊಯ್ದಿತ್ತು.

ಪೊಲೀಸ್ ಚೌಕಿಯಲ್ಲಿ ಸಾಹೇಬರು, "ಮಾವಶಿ, ಮಿಟವೂನ್ ಟಾಕಾ ನಾ," ಎಂದು ರಾಜಿಗೆ ಬೇಡಿಕೊಂಡರು. ಹುಬ್ಬಿಗೆ ಬಟ್ಟೆ ಒತ್ತಿಕೊಂಡೇ ಮಾವಶಿ ಪ್ರಹ್ಲಾದನಿಗೆ, "ನಿನ್ನ ಗುರೂನ ಕರಸು. ಆಮ್ಯಾಲೆ ರಾಜಿ," ಎಂದರು.

ಗುರುಗಳು ಬಂದರು. ಮಾವಶಿಯ ಮನೆಯ ಬಾಗಿಲು ತೆರೆದವಳು ನಾನೇ. ಕಚ್ಚೆಪಂಚೆಯುಟ್ಟ, ತೀರ ಬಡಕಲಾದ ಮುದುಕರು. ತಂದೆ ಸತ್ತ ಮೇಲೆ ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮಾವಶಿ ಕೂಡ್ರು ಅನ್ನಲಿಲ್ಲ.

"ಹಾಡು," ಎಂದರು.

ಯಾವುದನ್ನು ಎಂದು ಅವರು ಕೇಳಲಿಲ್ಲ. ಚಪ್ಪಲಿ ಬಿಟ್ಟು, ನಿಂತಲ್ಲೇ ಹಾಡಿದರು. ಕಂಠ ಇನ್ನೂ ಗಟ್ಟಿಯಾಗಿತ್ತು. ಕೊನೆಯಲ್ಲಿ ಹೆಬ್ಬೆರಳು ನಡುಬೆರಳಿಗೆ ತಾಗಿ ನಿಂತಿತು. ಮಾವಶಿಯ ಏಟಿಗೆ ಅವರ ಕನ್ನಡಕ ಹಾರಿ ಗೋಡೆಗೆ ಬಡಿಯಿತು.

"ತಪ್ಪು ಅಂತ ಗೊತ್ತಿತ್ತಿಲ್ಲೋ ನಿನಗ?"

"ಗೊತ್ತಿತ್ತು. ಅವತ್ತೇ ಗೊತ್ತಿತ್ತು."

"ಮತ್ತ ಜೀವಮಾನ ಪೂರ್ತಿ ಅದನ್ನ ಕಲಿಸಿದಿ?"

"ಅಪ್ಪ ಇರೂತನಕ ಅಂಜಿಕಿ. ಅಪ್ಪ ಹೋದ ಮ್ಯಾಲೆ ನಾಚಿಕಿ. ತಿದ್ದಿದ್ರ ಯಾಕ ತಿದ್ದಿದಿ ಅಂತ ಕೇಳ್ತಿದ್ರು. ಏನಂತ ಹೇಳ್ಲಿ, ಗೋದಾ?"

ಆಚಾರ್ಯರು ಅಡುಗೆಮನೆಗೆ ನಡೆದರು. ಕಡಪಾ ಕಲ್ಲಿನ ಕಟ್ಟೆಯ ಮೇಲೆ ಶುಂಠಿ ಜಜ್ಜುವ ಹಾರಿ ಇತ್ತು. ಅದನ್ನು ತಂಗಿಯ ಕೈಗಿತ್ತು, ತಮ್ಮ ಬಲಗೈಯನ್ನು ಕಲ್ಲಿನ ಮೇಲೆ ಅಂಗಾತ ಚಾಚಿದರು.

"ಹೊಡಿ. ತೀರಿಸಿಬಿಡು."

ಮಾವಶಿ ಹಾರಿ ಎತ್ತಿದರು. "ಬೇಡ ಮಾವಶಿ, ಬೇಡ ಮಾರಾಯ್ರೆ!" ಎಂದು ನಾನು ಚೀರಿದೆ. ಅವರು ಒಮ್ಮೆಲೇ ತಿರುಗಿ ಹಾರಿಯನ್ನು ಕಿಟಕಿಗೆ ಎಸೆದರು. ಗಾಜು ಪುಡಿಯಾಯಿತು; ಹಾರಿ ಕೆಳಗಿನ ಅಂಗಳಕ್ಕೆ ಬಿತ್ತು. ವಾಚ್‌ಮನ್ ಬೈಯುವುದು ಮೇಲಿನವರೆಗೂ ಕೇಳಿಸಿತು.

"ಇದನ್ನ ಮುರದ್ರ ಯಾತರಲೆ ಎಣಿಸ್ತೀ?" ಎಂದರು ಮಾವಶಿ. "ಕೂಡು. ಮೊದಲಿಂದ ಹಾಡು."

ವಾಸುದೇವಾಚಾರ್ಯರು ಅಲ್ಲೇ ಉಳಿದರು. ಆ ಒಂದು ಸಾಮವಷ್ಟೇ ಅಲ್ಲ, ತಂದೆ ಕೋಲು ಹಿಡಿದು ಕಲಿಸಿದ್ದು ಎಷ್ಟೋ ಕಡೆ ಅವರಲ್ಲಿ ಹರಿದುಹೋಗಿತ್ತು. ಬೆಳಗ್ಗೆ ಪಾಠ, ಸಂಜೆ ಪಾಠ. ತಪ್ಪಿಗೊಂದು ಏಟು. ಮುದುಕರ ಎಡಗೆನ್ನೆ ಬಾತುಕೊಂಡು ಕಣ್ಣು ಮುಚ್ಚುವಂತಾಯಿತು. ನನ್ನ ಅಮ್ಮ ಐಸ್ ಕಟ್ಟಿಕೊಟ್ಟು, "ಇದೆಂಥ ವಿದ್ಯೆ ಮಾರಾಯ್ತಿ, ಪೊಲೀಸರಿಗೆ ಹೇಳ್ಬೇಕು," ಎಂದರು. ನಾನೂ ಮಾವಶಿಗೆ, ಸಾಕು ಮಾಡಿ ಎಂದೆ. ಉತ್ತರ ಕೊಟ್ಟವರು ಆಚಾರ್ಯರು: "ನೀ ಸುಮ್ಮನಿರು ತಾಯಿ. ನನಗ ಬರಲಿಕ್ಕೆ ಹತ್ತೇದ."

ಒಂದು ದಿನ ಅವರು ಪ್ರಹ್ಲಾದನನ್ನು ಕರೆಸಿದರು. ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದ. ತಾನು ಕಲಿಸಿದ್ದು ತಪ್ಪೆಂದೂ, ಈಕೆಯ ಬೆರಳು ಮುರಿದವನು ತಾನೇ ಎಂದೂ ಆಚಾರ್ಯರು ಎಲ್ಲರೆದುರು ಹೇಳಿದರು. ಅವನು ಗುರುಗಳ ಕಾಲ ಬುಡದಲ್ಲೇ ಉಗಿದು, ಮೆಟ್ಟಿಲಿಳಿದು ಹೋದ. ಅವನನ್ನು ಹಿಡಿದು ಬಡಿಯಲು ಹೊರಟ ಮಾವಶಿಯನ್ನು ಅಣ್ಣ ಸೆರಗು ಹಿಡಿದು ನಿಲ್ಲಿಸಿದರು.

ಊರಿನಲ್ಲಿ ಉಳಿದ ಶಿಷ್ಯರಿಗೂ ಹೇಳಬೇಕಿತ್ತು. ತಾನೂ ಬರುತ್ತೇನೆ ಎಂದು ಮಾವಶಿ ಹೊರಟರು. ಕಲ್ಯಾಣ ಸ್ಟೇಷನ್ನಿಗೆ ನಾನು ಬಿಡಲು ಹೋದೆ. ಅವರ ಬರ್ತಿನ ಮೇಲೆ ಮಲಗಿದ್ದ ದಾಂಡಿಗನನ್ನು ಕಾಲರ್ ಹಿಡಿದು ಎಬ್ಬಿಸಿ, ಅಣ್ಣನನ್ನು ಕಿಟಕಿಯ ಬಳಿ ಕೂರಿಸಿದರು. ಗಾಡಿ ಅಲುಗಿದಾಗ ನಾನು, "ಯಾವಾಗ ಬರ್ತೀರಿ?" ಎಂದೆ. "ಕಲಿಸೂದು ಮುಗದ ಮ್ಯಾಲೆ," ಎಂದರು. ಅದೇ ಕೊನೆಯ ಸಲ ನೋಡಿದ್ದು.

ಊರಿನಲ್ಲಿ ನಡೆದದ್ದನ್ನು ಆಮೇಲೆ ಕೇಳಿದೆ. ಶಿಷ್ಯರಲ್ಲಿ ಹೆಚ್ಚಿನವರು ಎದ್ದು ಹೋದರಂತೆ. ಮನೆಗೆ ಕಲ್ಲು ಬಿದ್ದವಂತೆ. ಒಂದು ಕಲ್ಲು ಮಾವಶಿಯ ಭುಜಕ್ಕೆ ತಾಗಿದಾಗ ಅವರು ಅದನ್ನೇ ಎತ್ತಿ ತಿರುಗಿ ಬೀಸಿದರಂತೆ. ಉಳಿದ ಕೆಲವರಿಗೆ ಬಡಿದು ಬೈದು ಕಲಿಸುತ್ತ, ಒಂದು ಮಧ್ಯಾಹ್ನ ಪಾಠದ ನಡುವೆಯೇ ಗೋಡೆಗೆ ಒರಗಿದ ಮಾವಶಿ ಮತ್ತೆ ಏಳಲಿಲ್ಲ.

ಕೆಲವು ವಾರಗಳ ನಂತರ ಆಚಾರ್ಯರ ಫೋನು ಬಂತು. ನಾನು ಮಹಾಪೆಯಲ್ಲಿ ಆಫೀಸಿನ ಮೆಟ್ಟಿಲ ಬಳಿ ನಿಂತಿದ್ದೆ.

"ತಾಯೀ, ಒಂದು ಸಾಮ ಅಕಿ ನನಗ ಅರ್ಧಾನೇ ಹೇಳಿಕೊಟ್ಟಾಳ. ನಿನಗ ಪೂರ್ತಿ ಬರ್ತದೇನು?"

ಬರುತ್ತಿತ್ತು. ಅಲ್ಲಿಯೇ, ಓಡಾಡುವ ಜನರ ನಡುವೆ, ಮೆಲ್ಲಗೆ ಹಾಡಿದೆ. ಅವರು ತಿರುಗಿ ಹಾಡಿದರು. ಒಂದು ಕಡೆ ಸ್ವರ ಜಾರಿತು. "ಅಲ್ಲಿ ಹಾಗಲ್ಲ, ಅಜ್ಜಾ," ಎಂದೆ.

ಫೋನಿನಲ್ಲಿ ಫಟ್ಟೆಂದು ಸದ್ದಾಯಿತು. ಮತ್ತೊಮ್ಮೆ, ಇನ್ನೂ ಜೋರಾಗಿ. ಅವರು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳುತ್ತಿದ್ದರು.

"ಅಜ್ಜಾ, ಬೇಡ! ಎಂತ ಮಾಡ್ತಿದ್ದೀರಿ?"

"ಇಲ್ಲೆ ಹೊಡಿಯವರು ಯಾರೂ ಇಲ್ಲಲ್ಲ, ತಾಯಿ," ಎಂದು ಉಸಿರೆಳೆದುಕೊಂಡು, ಅವರು ಮತ್ತೆ ಮೊದಲಿನಿಂದ ಹಾಡತೊಡಗಿದರು.