ಅಣ್ಣನ ಕೈಗೆ ಹಾಕಿದ ಪ್ಲಾಸ್ಟರ್

ಸುಣ್ಣಕ್ಕೆ ನೀರು ಬಿದ್ದಾಗ ಒಂದು ಹಸಿ ವಾಸನೆ ಏಳುತ್ತದೆ. ನಿಮಗದು ಹೊಸ ಮನೆಯ ವಾಸನೆ. ನನಗೆ ಹೊಟ್ಟೆ ತೊಳಸುತ್ತದೆ. ಇವತ್ತು ಬೆಳಿಗ್ಗೆ ಜಯನಗರದ ಕೆಲಸದಲ್ಲಿ ಗಾರೆ ಬಾಂಡ್ಲಿ ಕೆಳಗಿಟ್ಟು ಆಚೆ ಬಂದು ಕೂತೆ. ಮೇಸ್ತ್ರಿ ನೋಡಿ, "ಏನ್ಲಾ, ಎಷ್ಟು ತಿಂಗ್ಳು?" ಎಂದರು.

ಅಣ್ಣನ ಕೈಗೆ ಹಾಕಿದ ಪ್ಲಾಸ್ಟರೂ ಹೀಗೇ ನಾರುತ್ತಿತ್ತು. ಅಣ್ಣ ಗಾರೆಯವನು. ಜಯನಗರದಲ್ಲಿ ಮನೆಗಳು ಏಳತೊಡಗಿದ್ದವು. ನಮ್ಮ ಯಡಿಯೂರಿನ ಗಂಡಸರು ಹೊಲ ಬಿಟ್ಟು ಗೋಡೆಗೆ ಕಟ್ಟಿದ ಸಾರುವೆ ಹತ್ತಿದ್ದರು. ಅಣ್ಣ ಗೋಡೆ ತೀಡಿದರೆ ನೊಣ ಜಾರುತ್ತದೆ ಎನ್ನುತ್ತಿದ್ದರು. ನಾನು ತೀಡಿದರೆ ಹಲ್ಲಿಗೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. ಒಂದು ದಿನ ಅವನು ಸಾರುವೆಯಿಂದ ಬಿದ್ದು ಬಲಗೈ ಮುರಿಯಿತು.

ಖಾಸಗಿ ಡಾಕ್ಟರು ಪ್ಲಾಸ್ಟರ್ ಹಾಕಿ, ಮೂರು ವಾರ ಬಿಟ್ಟು ಬನ್ನಿ ಎಂದರು. ಮಾರನೇ ದಿನವೇ ಅಣ್ಣ ಚೀರತೊಡಗಿದ. ಬೆರಳು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕರೆದುಕೊಂಡು ಹೋದೆ. ಡಾಕ್ಟರು ಒಳಗೇ ಇದ್ದರು, ಎದ್ದು ಬರಲಿಲ್ಲ. ಕಾಂಪೌಂಡರ್ ಒಳಗೆ ಹೋಗಿ ಬಂದ.

"ಮೂಳೆ ಮುರಿದ್ರೆ ನೋಯ್ದೆ ಕಚಗುಳಿ ಇಡ್ತದಾ? ಮೂರು ವಾರ ಅಂದವ್ರೆ. ಹೋಗಿ."

ಬಂದೆವು. ಅವ್ವ ಊರಮ್ಮನಿಗೆ ಹರಕೆ ಹೊತ್ತಳು. ಮಾರನೇ ದಿನ ನೋವು ನಿಂತಿತು, ಪೂರಾ. ಅಣ್ಣ ಗೊರಕೆ ಹೊಡೆದ. ಅವ್ವ ಪಾಯಸ ಮಾಡಿದಳು. ನಾನು ಎರಡು ಲೋಟ ಕುಡಿದೆ. ಕೈ ಸಾಯುತ್ತಿರುವುದಕ್ಕೇ ನೋವು ನಿಂತಿದೆ ಎಂದು ನಮಗೆ ಯಾರು ಹೇಳಬೇಕಿತ್ತು, ನೀವೇ ಹೇಳಿ.

ಬೆರಳು ತಣ್ಣಗಾದಾಗ ಗಾಬರಿಬಿದ್ದು ನಾನೇ ಪ್ಲಾಸ್ಟರ್ ಕುಯ್ದು ತೆಗೆದೆ. ಅವ್ವ ಅದನ್ನು ಪೀಡೆ ಎಂದು ಅಣ್ಣನಿಗೆ ನಿವಾಳಿಸಿ ಕೆರೆಗೆ ಎಸೆದಳು. ಸರ್ಕಾರಿ ಆಸ್ಪತ್ರೆಯಲ್ಲಿ ಕೈ ಉಳಿಯಿತು, ಕೆಲಸ ಉಳಿಯಲಿಲ್ಲ. ಬೆರಳು ಮಡಚಿಕೊಂಡು ಗಾರೆ ತೀಡುವ ಕರಣೆ ಹಿಡಿಯದಾದವು. "ಪ್ಲಾಸ್ಟರ್ ಬಿಗಿಯಾಗಿತ್ತು, ಮೊದಲ ದಿನವೇ ಬಿಚ್ಚಬೇಕಿತ್ತು," ಎಂದರು ಅಲ್ಲಿಯ ಡಾಕ್ಟರು. ಬರೆದುಕೊಡಿ ಎಂದಾಗ, "ಬಾಯಲ್ಲಿ ಹೇಳಿದೀನಲ್ಲ, ಕೋರ್ಟಿಗೆಲ್ಲ ಎಳೀಬೇಡಿ," ಎಂದು ಎದ್ದುಹೋದರು.

ಬಸವನಗುಡಿಯ ವಕೀಲರೊಬ್ಬರು ಕೇಳಿಸಿಕೊಂಡರು.

"ರೋಗಿಗೂ ಹಕ್ಕು ಅಂತ ಇದೆ ಕಣಪ್ಪ. ಡಾಕ್ಟರ ಅಜಾಗ್ರತೆಯಿಂದ ಕೈ ಹೋದ್ರೆ ದಾವಾ ಹಾಕಬಹುದು. ಆ ಪ್ಲಾಸ್ಟರ್ ಎಲ್ಲಿ?"

"ಕೆರೇಲೈತೆ ಸ್ವಾಮಿ," ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಮ್ಮನೇ ಕುಯ್ದು ಕೈ ಕೆಡಿಸಿದ ಅಂತಾರೆ ಆ ಡಾಕ್ಟರು. ಸರ್ಕಾರಿ ಆಸ್ಪತ್ರೆ ಡಾಕ್ಟರೂ ಸಾಕ್ಷಿಗೆ ಬರಲ್ಲ. ಸೋಲಬಹುದು. ಯೋಚ್ನೆ ಮಾಡಿ."

ಅಣ್ಣ ಯೋಚನೆ ಮಾಡಲಿಲ್ಲ. "ಸೋತ್ರೆ ಸೋಲ್ಲಿ ಸ್ವಾಮಿ. ಅವತ್ತು ಆ ಡಾಕ್ಟ್ರು ಒಳಗೇ ಕೂತ್ರು. ಕೋರ್ಟಲ್ಲಾದ್ರೂ ನನ್ ಕೈ ನೋಡ್ಲೇಬೇಕಲ್ಲ."

ದಾವಾ ಹಾಕಿ ಎರಡು ವರ್ಷದ ಮೇಲಾಯಿತು. ನಾಳೆ ವಿಚಾರಣೆ; ನಾನು ಸಾಕ್ಷಿ. ಓದಿದ್ದು ಮೂರನೇ ಕ್ಲಾಸು, ಅದರಲ್ಲೂ ಅರ್ಧ ಮೇಷ್ಟ್ರ ಎಮ್ಮೆ ಮೇಯಿಸಿಯೇ ಹೋಯಿತು. ಕರಿ ಕೋಟಿನವರು ಹೇಗೆ ತಿರುಚಿ ಕೇಳುತ್ತಾರೋ ಎಂದು ಮೂರು ದಿನದಿಂದ ಅನ್ನ ಇಳಿಯುತ್ತಿಲ್ಲ. ಮುಂದಿನ ತಾರೀಖಿಗೆ ವಾಯಿದೆ ಕೇಳೋಣವಾ ಎಂದು ಅಣ್ಣನನ್ನು ಕೇಳುವುದಕ್ಕೇ ಸಂಜೆ ಬೇಗ ಮನೆಗೆ ಬಂದೆ.

ಕೈ ಹಾಗಾದಾಗಿನಿಂದ ಅವನು ಉರಿಬಿಸಿಲಲ್ಲೂ ತುಂಬು ತೋಳಿನದು ಬಿಟ್ಟು ಬೇರೆ ಅಂಗಿ ಹಾಕಿದವನಲ್ಲ. ಈಗ ಒಳ್ಳೆಯ ಅಂಗಿಯನ್ನು ಅವ್ವನ ಮುಂದೆ ಹರಡಿ ಕೂತಿದ್ದ. ಅವ್ವ ಅದರ ಬಲತೋಳಿಗೆ ಕತ್ತರಿ ಹಾಕಿದ್ದಳು.

"ಇನ್ನೂ ಮೇಲಕ್ಕೆ ಕತ್ತರ್ಸವ್ವ," ಎನ್ನುತ್ತಿದ್ದ.

ವಾಯಿದೆಯ ಮಾತು ಎತ್ತದೆ, ಕೈಕಾಲು ತೊಳೆದು ಊಟಕ್ಕೆ ಕೂತೆ.